ಬೇಸಿಗೆ ಓದಿಗೆ ಪರೀಕ್ಷೆ ಬೇಡ ಅಂತ ಬಿಟ್ಟಿದ್ದು

ಅಮೆರಿಕದ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ಜೂನ್‌ನಲ್ಲಿ ರಜೆ ಶುರುವಾಗುವಾಗ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಕಳಿಸುತ್ತೇವೆ: ರಜೆಯಲ್ಲಿ ಓದಲೇಬೇಕಾದ ಪುಸ್ತಕಗಳ ಪಟ್ಟಿ. ಒಂಬತ್ತರಿಂದ ಹನ್ನೆರಡರವರೆಗೆ ಒಂದೊಂದು ಕ್ಲಾಸಿಗೂ ಬೇರೆ ಬೇರೆ. ಎಪಿ ಇಂಗ್ಲಿಷ್, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ, ತಗೊಂಡವರಿಗೆ ಇನ್ನೂ ಉದ್ದ. ಆಗಸ್ಟ್ ಕೊನೆಗೆ ಶಾಲೆ ತೆರೆದ ವಾರವೇ ಪರೀಕ್ಷೆ.

ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಮೂರು ಪುಸ್ತಕ, 25 ಪ್ರಶ್ನೆ. ಎಲ್ಲರೂ ಚೆನ್ನಾಗಿಯೇ ಬರೆದರು. ಮಾರನೇ ದಿನ ಪುಸ್ತಕದ ಬಗ್ಗೆ ಮಾತು ತೆಗೆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಇಂಟರ್ನೆಟ್ಟಲ್ಲಿ ಸಾರಾಂಶ ಓದಿಕೊಂಡು ಬಂದಿದ್ದರು. ಬೈದು ಏನು ಪ್ರಯೋಜನ? ಸಾರಾಂಶ ಓದಿದರೂ ಪಾಸಾಗುವಂಥ ಪ್ರಶ್ನೆ ಕೊಟ್ಟವಳು ನಾನೇ ಅಲ್ವಾ.

ಮುಂದಿನ ಬೇಸಿಗೆಗೆ ಪುಸ್ತಕ ಕಡಿಮೆ ಮಾಡಿದೆ. ಎಲ್ಲರಿಗೂ ಒಂದು, ತಮಗಿಷ್ಟ ಬಂದದ್ದು ಇನ್ನೊಂದು. ಓದುತ್ತಾ ಹದಿನೈದು ಕಡೆ ಸ್ಟಿಕ್ಕಿ ನೋಟ್ ಅಂಟಿಸಬೇಕು. ಲೈಬ್ರರಿ ಪುಸ್ತಕದಲ್ಲಿ ಗೀಚೋ ಹಾಗಿಲ್ಲ, ಅದಕ್ಕೇ ಚೀಟಿ. ಕಥೆ ಏನಾಯಿತು ಅಂತ ಬರೆಯುವುದು ಬೇಡ, ಓದುವಾಗ ನಿಮಗೆ ಏನನ್ನಿಸಿತು ಅದನ್ನು ಬರೆಯಿರಿ ಅಂದೆ. ಮೊದಲ ವಾರ ಒಂದು ಚೀಟಿ ಆರಿಸಿಕೊಂಡು, ಪುಸ್ತಕ ತೆರೆದಿಟ್ಟುಕೊಂಡೇ, ಒಂದು ಪೀರಿಯಡ್ ಬರೆಯಬೇಕು. ಅಷ್ಟೇ ಪರೀಕ್ಷೆ.

ಇದಕ್ಕೂ ಉಪಾಯ ಹುಡುಕಿದರು, ಬಿಡಿ. ಹದಿನೈದು ಚೀಟಿಯೂ ಮೊದಲ ನಲವತ್ತು ಪುಟದೊಳಗೇ! ಆಮೇಲಿಂದ ಐದಾದರೂ ಕೊನೆಯ ಭಾಗದಲ್ಲಿರಬೇಕು ಅಂತ ಸೇರಿಸಿದೆ.

ಪುಸ್ತಕ ಆರಿಸುವುದು ಮಾತ್ರ ಸುಲಭವಲ್ಲ. ಥಿಯಾಲಜಿ (ಧರ್ಮದ ಪಾಠ) ಟೀಚರ್ ಜೊತೆ ಕೂತು ಹನ್ನೊಂದನೇ ಕ್ಲಾಸಿಗೆ ಗ್ರಹಾಂ ಗ್ರೀನ್ ಅವರ 'ದ ಪವರ್ ಅಂಡ್ ದ ಗ್ಲೋರಿ' ಆರಿಸಿದೆವು. 1940ರ ಕಾದಂಬರಿ. ಚರ್ಚನ್ನೇ ನಿಷೇಧಿಸಿರುವ ಮೆಕ್ಸಿಕೊದ ಒಂದು ರಾಜ್ಯ, ಅಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಓಡಾಡುವ ಒಬ್ಬ ಪಾದ್ರಿ. ಕುಡುಕ. ಒಂದು ಮಗುವೂ ಇದೆ. ನಾಲ್ಕೇ ದಿನಕ್ಕೆ ಒಬ್ಬರು ತಾಯಿಯ ಫೋನು: "ಕ್ಯಾಥೊಲಿಕ್ ಶಾಲೆಯಲ್ಲಿ ಇದನ್ನಾ ಓದಿಸೋದು?"

ಅವರ ಮಾತು ಹೊಸದೇನಲ್ಲ. 1953ರಲ್ಲಿ ವ್ಯಾಟಿಕನ್ನೇ ಈ ಪುಸ್ತಕದ ಮೇಲೆ ಮುನಿಸಿಕೊಂಡಿತ್ತು. 1965ರಲ್ಲಿ ಪೋಪ್ ಆರನೇ ಪಾಲ್ ಗ್ರೀನ್ ಅವರನ್ನು ಕಂಡಾಗ, ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಅಂದರಂತೆ. ಓದಬಾರದ ಪುಸ್ತಕಗಳ ನಾನೂರು ವರ್ಷದ ಪಟ್ಟಿಯನ್ನು ಚರ್ಚ್ ಕೈಬಿಟ್ಟಿದ್ದು 1966ರಲ್ಲಿ. ಇಷ್ಟೆಲ್ಲ ಹೇಳಿದರೂ ಆಕೆ ಒಪ್ಪಲಿಲ್ಲ. ಸರಿ, ವಿಲ್ಲಾ ಕ್ಯಾಥರ್ ಅವರ 'ಡೆತ್ ಕಮ್ಸ್ ಫಾರ್ ದ ಆರ್ಚ್‌ಬಿಷಪ್' ಓದಲಿ ಅಂದೆ. ಹೀಗೊಂದು ಬದಲಿ ಪುಸ್ತಕ ಯಾವಾಗಲೂ ರೆಡಿ ಇಟ್ಟುಕೊಂಡಿರುತ್ತೇನೆ. ಬಿಷಪ್ ಅಂದ ಕೂಡಲೇ ಅವರಿಗೆ ಸಮಾಧಾನವಾಯಿತು. ಬರೆದಾಕೆ ಕ್ಯಾಥೊಲಿಕ್ ಅಲ್ಲ ಅಂತ ನಾನು ಹೇಳಲಿಲ್ಲ.

ಆ ವರ್ಷ ಫುಟ್‌ಬಾಲ್ ಆಡುವ ಒಬ್ಬ ಹುಡುಗ ತಂದ ಗ್ರೀನ್ ಪುಸ್ತಕ ನೀರು ಬಿದ್ದು ಉಬ್ಬಿತ್ತು. ಕಥೆಯ ಕೊನೆಯ ಹತ್ತಿರ ಪಾದ್ರಿ ಗಡಿ ದಾಟಿ ಪಾರಾಗಿರುತ್ತಾನೆ. ಅಷ್ಟರಲ್ಲಿ ಸಾಯುತ್ತಿರುವವನೊಬ್ಬನ ಪಾಪನಿವೇದನೆ ಕೇಳಲು ಕರೆ ಬರುತ್ತದೆ. ಬಲೆ ಅಂತ ಗೊತ್ತಿದ್ದೂ ಹೊರಡುತ್ತಾನೆ. ಆ ಪುಟಗಳಲ್ಲಿ ಹುಡುಗನ ಮೂರು ಹಳದಿ ಚೀಟಿ. ಒಂದರಲ್ಲಿ "ಹೋಗ್ಬೇಡ". ಮುಂದಿನದರಲ್ಲಿ "ಹೇಳಿದ್ನಲ್ಲ, ಹೋಗ್ಬೇಡ". ಮೂರನೆಯದರಲ್ಲಿ "ಹೋದ".

ಬರೆಯಲು ಇದನ್ನೇ ಆರಿಸುತ್ತಾನೆ ಅಂದುಕೊಂಡಿದ್ದೆ. ಅವನು ಬರೆದಿದ್ದು ಮೊದಲ ಅಧ್ಯಾಯದ ಹಲ್ಲಿನ ಡಾಕ್ಟರ್ ಬಗ್ಗೆ. ಅವನ ಅಪ್ಪನೂ ಹಲ್ಲಿನ ಡಾಕ್ಟರಂತೆ.