ಟ್ಯಾಬ್‌ಗೆ ಆ್ಯಂಟಿವೈರಸ್ ಹಾಕಿಸೋ ಮುಂಚೆ

ದಾವಣಗೆರೆ ವಿದ್ಯಾನಗರದ ನಮ್ಮ ಎದುರುಮನೆ ಮೇಷ್ಟ್ರ ಟ್ಯಾಬ್ ಹತ್ತು ನಿಮಿಷಕ್ಕೊಮ್ಮೆ ಟಿಣ್ ಅನ್ನುತ್ತಿತ್ತು. ‘ನಿಮ್ಮ ಟ್ಯಾಬ್‌ನಲ್ಲಿ 13 ವೈರಸ್!’ ಅಂತ ಕೆಂಪಕ್ಷರ. ಗಾಬರಿಯಾಗಿ ಅಂಗಡಿಗೆ ಒಯ್ದರು, 900 ರೂಪಾಯಿ ತಗೊಂಡು ಆ್ಯಂಟಿವೈರಸ್ ಹಾಕಿಕೊಟ್ಟರು. ಮನೆಗೆ ಬಂದು ಮಂಡಕ್ಕಿ ತಟ್ಟೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಮತ್ತೆ ಟಿಣ್.

ಸುದ್ದಿ ಓದೋದು, ಯೂಟ್ಯೂಬ್, ಚನ್ನಗಿರಿ ಅಡಿಕೆ ರೇಟು ನೋಡೋದು: ಇಷ್ಟಕ್ಕೆ ಟ್ಯಾಬ್‌ಗೆ ಬೇರೆ ಆ್ಯಂಟಿವೈರಸ್ ಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಆ್ಯಪ್‌ಗೂ ಪ್ರತ್ಯೇಕ ಕೋಣೆ. ಒಂದರ ಡೇಟಾದೊಳಗೆ ಇನ್ನೊಂದು ಇಣುಕುವಂತಿಲ್ಲ. ಈ ಕಟ್ಟುಪಾಡು ಆ್ಯಂಟಿವೈರಸ್‌ಗೂ ಅನ್ವಯ. ಐಪ್ಯಾಡ್‌ನಲ್ಲಂತೂ ಅದು ಬೇರೆ ಆ್ಯಪ್‌ಗಳನ್ನು ಸ್ಕ್ಯಾನ್ ಮಾಡಲು ಸಾಧ್ಯವೇ ಇಲ್ಲ. ‘ಕ್ಲೀನರ್’, ‘ಬೂಸ್ಟರ್’ ಹೆಸರಿನವು ಇದ್ದರೆ ಇವತ್ತೇ ತೆಗೆದುಹಾಕಿ. ಜಾಹೀರಾತು ತೋರಿಸೋದೇ ಅವುಗಳ ಕಸುಬು.

ಹೆಜ್ಜೆ 1: ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಿ.

ಹೆಜ್ಜೆ 2: ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೊ ಒತ್ತಿ, ಪ್ಲೇ ಪ್ರೊಟೆಕ್ಟ್ ಆನ್ ಇದೆಯೇ ನೋಡಿ. ಗೂಗಲ್ ಪುಕ್ಕಟೆ ಕೊಟ್ಟಿರುವ ಕಾವಲುಗಾರ ಅದು.

ಹೆಜ್ಜೆ 3: ಬಹಳಷ್ಟು ಜನ ಎಡವೋದು ಇಲ್ಲೇ. ಮೇಷ್ಟ್ರ ಟ್ಯಾಬ್‌ನಲ್ಲಿದ್ದದ್ದು ವೈರಸ್ ಅಲ್ಲ, ನೋಟಿಫಿಕೇಶನ್. ಎಂದೋ ಒಂದು ಸಿನಿಮಾ ಸೈಟ್ ‘ನೀವು ರೋಬಾಟ್ ಅಲ್ಲವಾದರೆ ಅಲೋ ಒತ್ತಿ’ ಅಂದಿತ್ತು, ಇವರು ಒತ್ತಿದ್ದರು. ನಾವೇ ಅನುಮತಿ ಕೊಟ್ಟದ್ದನ್ನು ಯಾವ ಆ್ಯಂಟಿವೈರಸ್ ತಾನೇ ಯಾಕೆ ತಡೆದೀತು? ಕ್ರೋಮ್ ತೆರೆದು, ಮೇಲಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. ‘ಅಲೋಡ್’ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳಿದ್ದರೆ ಒಂದೊಂದನ್ನೇ ಬ್ಲಾಕ್ ಮಾಡಿ. ಮೇಷ್ಟ್ರದ್ದರಲ್ಲಿ ಹನ್ನೊಂದಿದ್ದವು. ಆಮೇಲೆ ಮೇಲಿನ ಸ್ವಿಚ್ಚನ್ನೂ ಆಫ್ ಮಾಡಿಬಿಡಿ. ಸುದ್ದಿ ಸೈಟ್‌ಗಳಿಗೂ ಬೇಡ ಅನ್ನೋದು ನನ್ನ ಹಟ. ಟಿಣ್ ಟಿಣ್ ಬಂದಾಗ ಅದರೊಳಗಿನ ‘ತೆಗೆಯಿರಿ’ ಬಟನ್ ಮಾತ್ರ ಮುಟ್ಟಬೇಡಿ, ಪಕ್ಕಕ್ಕೆ ಸರಿಸಿ.

ಹೆಜ್ಜೆ 4: ನಿಜವಾದ ಅಪಾಯ ಬ್ರೌಸಿಂಗ್‌ನದ್ದಲ್ಲ, ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್‌ನದ್ದು. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಹೆಸರಲ್ಲಿ ಬರುತ್ತದೆ. ನಿಜವಾದ ಲಗ್ನಪತ್ರಿಕೆ ಫೋಟೊ ಆಗಿರಬಹುದು, ಪಿಡಿಎಫ್ ಆಗಿರಬಹುದು. ಫೈಲ್ ಹೆಸರಿನ ಕೊನೆಯಲ್ಲಿ ‘ಎಪಿಕೆ’ (.apk) ಅಂತ ಇದ್ದರೆ ಅದು ಆ್ಯಪ್. ಸ್ವಂತ ಅಣ್ಣ ಕಳಿಸಿದರೂ ತೆರೆಯಬೇಡಿ, ಅವನ ವಾಟ್ಸ್ಆ್ಯಪ್ಪೇ ಕಳ್ಳರ ಕೈಲಿರಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ವಾಟ್ಸ್ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ಕಿತ್ತುಹಾಕಿ.

ಅಂಥ ಆ್ಯಪ್ ಆಗಲೇ ಹಾಕಿಕೊಂಡಾಗಿದೆ, ಅನ್‌ಇನ್‌ಸ್ಟಾಲ್ ಆಗುತ್ತಿಲ್ಲವೇ? ಅದು ಸೆಟ್ಟಿಂಗ್ಸ್‌ನಲ್ಲಿರುವ ‘ಡಿವೈಸ್ ಅಡ್ಮಿನ್’ ಅಥವಾ ‘ಆ್ಯಕ್ಸೆಸಿಬಿಲಿಟಿ’ ಅಧಿಕಾರ ಹಿಡಿದು ಕೂತಿರುತ್ತದೆ. ಸಾಮಾನ್ಯವಾಗಿ ಪವರ್ ಬಟನ್ ಒತ್ತಿ ಹಿಡಿದಾಗ ಬರುವ ‘ಪವರ್ ಆಫ್’ ಅನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಸಿಗುತ್ತದೆ. ಅದರಲ್ಲಿ ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡೋದಿಲ್ಲ. ಆಗ ಆ ಎರಡೂ ಕಡೆ ಅದರ ಅಧಿಕಾರ ತೆಗೆದು, ನಂತರ ಅಳಿಸಿ.

ಹಳೇ ಟ್ಯಾಬ್‌ನವರಿಗೆ ಒಂದು ಮಾತು: ಆಂಡ್ರಾಯ್ಡ್ 8, 9ಕ್ಕೆ 2025ರಿಂದ ಕ್ರೋಮ್‌ನ ಹೊಸ ಆವೃತ್ತಿ ಬರುತ್ತಿಲ್ಲ. ಅದರಿಂದ ಉಳಿಯುವ ಭದ್ರತೆಯ ತೂತನ್ನು ಆ್ಯಂಟಿವೈರಸ್ ಮುಚ್ಚಲ್ಲ. ಮೊಮ್ಮಕ್ಕಳು ಕಾರ್ಟೂನ್ ನೋಡಲಿ, ಬ್ಯಾಂಕ್ ವ್ಯವಹಾರ ಅದರಲ್ಲಿ ಬೇಡ.

ದುಡ್ಡು ಹೋಗಿದ್ದರೆ ಮಾತ್ರ ಆ್ಯಪ್ ಅಳಿಸುತ್ತಾ ಕೂರಬೇಡಿ. ಮೊದಲು ಟ್ಯಾಬನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನ್‌ನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ.