ಬಿಸಿಲ ಜಿಲ್ಲೆಗಳಲ್ಲಿ ಜಿಮ್ ಹಾಕುವವರಿಗೆ: ಯಂತ್ರ ಕೊಳ್ಳುವ ಮೊದಲಿನ ಕೆಲಸ

ಜಿಮ್ ಹಾಕಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ತರಿಸುವುದು ಯಂತ್ರಗಳ ಕೊಟೇಶನ್. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ಕ್ರಮ ಹಿಡಿದರೆ ಏಪ್ರಿಲ್-ಮೇ ತಿಂಗಳಲ್ಲಿ ಪೆಟ್ಟು ಬೀಳುತ್ತದೆ. ಸಂಜೆ ಒಳಗೆ ನಿಲ್ಲಲಾಗದೆ ಮಂದಿ ಬರುವುದು ಬಿಡುತ್ತಾರೆ, ಇದ್ದ ದುಡ್ಡೆಲ್ಲ ಕಬ್ಬಿಣಕ್ಕೆ ಹೋಗಿರುತ್ತದೆ, ಜೂನ್ ಬಾಡಿಗೆಗೆ ಕೈ ಖಾಲಿ. ಮೊದಲು ಜಾಗ, ಗಾಳಿ, ಕೋಚ್ ಮತ್ತು ಆರು ತಿಂಗಳ ಖರ್ಚು. ಯಂತ್ರ ಆಮೇಲೆ.

ಅದಕ್ಕೂ ಮುಂಚೆ ಒಂದು ವರ್ಷವಾದರೂ ಬೇರೆಯವರ ಜಿಮ್‌ನಲ್ಲಿ ಕೆಲಸ ಮಾಡಿ. ಮೈ ಕಟ್ಟಿದವರಿಗೆಲ್ಲ ಜಿಮ್ ನಡೆಸಲು ಬರುವುದಿಲ್ಲ. ಗರಡಿ ಮನೆಯಲ್ಲಿ ಸಾಮು ಮಾಡಿ ಬಂದವರಿಗೆ ಶಿಸ್ತು ಚೆನ್ನಾಗಿ ಗೊತ್ತಿರುತ್ತದೆ, ಫೀ ಕೇಳುವುದು ಮಾತ್ರ ನಾಚಿಕೆ. ಆ ಒಂದು ವರ್ಷದಲ್ಲಿ ಕಲಿಯಬೇಕಾದ್ದು: ಹೊಸಬರು ಎಷ್ಟನೇ ವಾರ ನಿಲ್ಲಿಸುತ್ತಾರೆ, ಬಾಕಿಯನ್ನು ಮುಖ ಕೆಡಿಸಿಕೊಳ್ಳದೆ ಕೇಳುವುದು ಹೇಗೆ, ಯಂತ್ರದ ಕೇಬಲ್ ಬದಲಿಸುವುದು ಹೇಗೆ. ಜೊತೆಗೆ ಒಂದು ಟ್ರೈನರ್ ಸರ್ಟಿಫಿಕೇಟ್ ಮಾಡಿಕೊಳ್ಳಿ, ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ.

ಜಾಗ ಮತ್ತು ಗಾಳಿ

ಶುರುವಿಗೆ 1,500ರಿಂದ 2,000 ಚದರ ಅಡಿ ಸಾಕು. ಮೇಲಿನ ಮಹಡಿ ಅಗ್ಗಕ್ಕೆ ಸಿಗುತ್ತದೆ. ಆದರೆ ಆರ್‌ಸಿಸಿ ಚಾವಣಿ ದಿನವಿಡೀ ಬಿಸಿಲು ಹೀರಿ, ಆ ಕಾವನ್ನು ಸಂಜೆ ಐದರಿಂದ ಒಂಬತ್ತರವರೆಗೆ ಕೆಳಕ್ಕೆ ಬಿಡುತ್ತದೆ. ನಿಮ್ಮ ಜಿಮ್ ತುಂಬುವ ಹೊತ್ತೂ ಅದೇ. ತಲೆ ಮೇಲೆ ಇನ್ನೊಂದು ಮಹಡಿ ಇರುವ ಜಾಗಕ್ಕೆ ತಿಂಗಳಿಗೆ ನಾಲ್ಕೈದು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೇಲಿನ ಮಹಡಿಯೇ ಗತಿ ಎಂದಾದರೆ ಚಾವಣಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಎರಡು ಕೋಟ್ ಹೊಡೆಸಿ. ಧೂಳು ಕೂತ ಬಿಳುಪು ಕೆಲಸ ಮಾಡದು, ಯುಗಾದಿಗೆ ಮುಂಚೆ ಪ್ರತಿ ವರ್ಷ ತೊಳೆಸಬೇಕು.

ಗಾಳಿಯ ಲೆಕ್ಕ ಹೀಗೆ: 1,800 ಚದರ ಅಡಿ, 10 ಅಡಿ ಎತ್ತರ ಎಂದರೆ 18,000 ಘನ ಅಡಿ. ಗಂಟೆಗೆ ಕನಿಷ್ಠ 12 ಸಲ ಒಳಗಿನ ಗಾಳಿ ಬದಲಾಗಬೇಕಾದರೆ ನಿಮಿಷಕ್ಕೆ 3,600 ಘನ ಅಡಿ ಹೊರಗೆ ಹೋಗಬೇಕು. ಎಕ್ಸಾಸ್ಟ್ ಫ್ಯಾನಿನ ಮೇಲೆ ಬರೆದ ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಅಂಕಿ ಕೂಡಿಸಿ ನೋಡಿ. ಡೆಸರ್ಟ್ ಕೂಲರ್ ಇಟ್ಟರೆ ಇದರ ಎರಡರಷ್ಟು ಬೇಕು, ಎದುರು ಗೋಡೆಯ ಕಿಟಕಿ ತೆರೆದಿರಲೇಬೇಕು. ಕಿಟಕಿ ಮುಚ್ಚಿ ಕೂಲರ್ ಓಡಿಸಿದರೆ ಒಳಗೆ ತೇವ ತುಂಬಿ ಬೆವರು ಆರುವುದಿಲ್ಲ, ಕೂಲರೇ ಸರಿಯಿಲ್ಲ ಎಂದು ಬೈಯುತ್ತೀರಿ. ನಮ್ಮ ಒಣ ಬೇಸಿಗೆಗೆ ಕೂಲರ್ ಚೆನ್ನಾಗಿ ಒಗ್ಗುತ್ತದೆ. ಮಳೆಗಾಲದಲ್ಲಿ ಅದರ ನೀರಿನ ಪಂಪ್ ಬಂದ್ ಮಾಡಿ ಬರೀ ಗಾಳಿ ಬಿಡಿ, ಇಲ್ಲದಿದ್ದರೆ ಪ್ಲೇಟುಗಳಿಗೆ ತುಕ್ಕು ಹತ್ತುತ್ತದೆ.

ನೆಲದ ವಿಷಯದಲ್ಲಿ ಅವಸರ ಬೇಡ. ವಾಸದ ಮನೆಯ ಸ್ಲ್ಯಾಬ್‌ನ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ಜಿಮ್‌ಗೆ ಬೇಕಾದ್ದು ಸುಮಾರು 500. ಮಹಡಿ ಮೇಲಾದರೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ನೋಡಿಸಿ, ಅವರು ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ. ಭಾರದ ರ‍್ಯಾಕ್‌ಗಳು ತೊಲೆಯ ಮೇಲೆ, ಗೋಡೆಯ ಬದಿಗೆ ಬರಲಿ. ನೆಲಮಹಡಿಯಲ್ಲಿ ಬೇರೆ ತೊಂದರೆ: ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲಿನ ನೆಲ ಏರುಪೇರಾಗುತ್ತದೆ. ಟ್ರೆಡ್‌ಮಿಲ್ ಒಂದು ಕಡೆ ವಾಲಿದರೆ ಬೆಲ್ಟ್ ಒಂದು ಬದಿಗೆ ಸರಿದು ಅಂಚು ಹರಿಯುತ್ತದೆ, ಆದ್ದರಿಂದ ಮೂರು ತಿಂಗಳಿಗೊಮ್ಮೆ ರಸಮಟ್ಟ ಇಟ್ಟು ನೋಡಿ. ಶಹಾಬಾದ್ ಕಲ್ಲಿನ ಮೇಲೆ ನೇರವಾಗಿ ಡಂಬೆಲ್ ಬಿದ್ದರೆ ಕಲ್ಲು ಸೀಳುತ್ತದೆ. ಎಲ್ಲೆಡೆ 10 ಮಿಲಿಮೀಟರ್ ರಬ್ಬರ್ ಹಾಸು, ರಾಡ್ ಎತ್ತಿ ಇಳಿಸುವ 250 ಚದರ ಅಡಿಯಲ್ಲಿ 20ರಿಂದ 25 ಮಿಲಿಮೀಟರ್.

ಕರೆಂಟು

ಜೆಸ್ಕಾಂನಿಂದ ವಾಣಿಜ್ಯ ಸಂಪರ್ಕವನ್ನೇ, ತ್ರೀ ಫೇಸ್‌ನಲ್ಲೇ ಪಡೆಯಿರಿ. ಮೂರು ಟ್ರೆಡ್‌ಮಿಲ್‌ಗೆ ತಲಾ ಎರಡೂವರೆ ಕಿಲೋವ್ಯಾಟ್, ಫ್ಯಾನು-ದೀಪಕ್ಕೆ ಎರಡು, ಕೂಲರ್‌ಗಳಿಗೆ ಒಂದೂವರೆ ಎಂದರೂ ಒಟ್ಟು 11 ಕಿಲೋವ್ಯಾಟ್ ಆಯಿತು. ಮೂರೂ ಟ್ರೆಡ್‌ಮಿಲ್ ಒಂದೇ ಫೇಸ್ ಮೇಲೆ ಬೀಳದಂತೆ ಹಂಚಿ. ಪ್ರತಿಯೊಂದಕ್ಕೂ ಬೇರೆ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್), ಬೇರೆ 16 ಆಂಪಿಯರ್ ಪಾಯಿಂಟ್, ಸ್ಟೆಬಿಲೈಸರ್. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು. ಮಣ್ಣು ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ, ಬೆವರಿದ ಕೈಗೆ ಷಾಕ್ ಹೊಡೆಯುತ್ತದೆ.

ಏನು ಕೊಳ್ಳಬೇಕು

ಮೊದಲ ಕಂತಿನಲ್ಲಿ ಇಷ್ಟು ಸಾಕು: 2.5ರಿಂದ 30 ಕಿಲೋವರೆಗೆ ಎರಡೂವರೆ ಕಿಲೋ ಅಂತರದಲ್ಲಿ 12 ಜೊತೆ ಡಂಬೆಲ್ (ಒಟ್ಟು 390 ಕಿಲೋ), 20 ಕಿಲೋ ತೂಕದ ಒಲಿಂಪಿಕ್ ರಾಡ್ ಮೂರು, ಪ್ಲೇಟು 400 ಕಿಲೋ, ಸ್ಕ್ವಾಟ್ ರ‍್ಯಾಕ್ ಎರಡು, ಬೆಂಚು ನಾಲ್ಕು, ಕೇಬಲ್ ಕ್ರಾಸ್‌ಓವರ್ ಒಂದು, ಲ್ಯಾಟ್ ಪುಲ್‌ಡೌನ್ ಒಂದು, ಲೆಗ್ ಪ್ರೆಸ್ ಒಂದು, ಟ್ರೆಡ್‌ಮಿಲ್ ಎರಡು, ಸೈಕಲ್ ಎರಡು. ಮೂರನೇ ಟ್ರೆಡ್‌ಮಿಲ್‌ಗೆ ವೈರಿಂಗ್ ಮಾತ್ರ ಮಾಡಿಸಿಡಿ. ಸಂಜೆ ಸರತಿ ನಿಲ್ಲತೊಡಗಿದಾಗ ತಂದರಾಯಿತು.

ರಾಡಿನ ತುದಿ 50 ಮಿಲಿಮೀಟರ್ ದಪ್ಪದ್ದನ್ನೇ ಆರಿಸಿ, ಪ್ಲೇಟಿನ ತೂತೂ ಅದೇ ಅಳತೆಯದಿರಲಿ. ತೆಳು ರಾಡಿಗೆ ದೊಡ್ಡ ತೂತಿನ ಪ್ಲೇಟ್ ಹಾಕಿದರೆ ಅಲ್ಲಾಡಿ ಮಣಿಕಟ್ಟು ಉಳುಕುತ್ತದೆ. ಕಬ್ಬಿಣದ ಸಾಮಾನು ಕಿಲೋ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ ಇಳಿಸುವಾಗ ಕಾಟಾದ ಮೇಲೆ ಒಂದೊಂದೇ ಇಟ್ಟು ತೂಗಿ. 10 ಕಿಲೋ ಎಂದು ಬರೆದ ಜೊತೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಮುನ್ನೂರು ಗ್ರಾಂ ವ್ಯತ್ಯಾಸ ಬಂದರೆ ವಾಪಸ್ ಕಳಿಸಿ. ಮೀರತ್, ಜಲಂಧರ್ ಕಡೆಯಿಂದ ತರಿಸಿದ ಮಾಲು ಅಗ್ಗವಾಗಬಹುದು, ಆದರೆ ಟ್ರೆಡ್‌ಮಿಲ್‌ನ ಕಂಟ್ರೋಲ್ ಬೋರ್ಡ್ ಕೆಟ್ಟರೆ ರಿಪೇರಿಗೆ ಯಾರು, ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದನ್ನು ಬಿಲ್ಲಿನ ಜೊತೆ ಬರೆಸಿಕೊಳ್ಳಿ. ಟ್ರೆಡ್‌ಮಿಲ್ ಎಸಿ ಮೋಟಾರಿನದ್ದೇ ಬೇಕು. ಮನೆ ಬಳಕೆಯ ಡಿಸಿ ಮೋಟಾರು ದಿನಕ್ಕೆ ಎಂಟು ಗಂಟೆ ಓಟ ತಡೆಯದು.

ಟ್ರೆಡ್‌ಮಿಲ್ ಸುಡುವ ಬಗೆ ತಿಳಿದಿರಲಿ. ಬಳ್ಳಾರಿಯ ಕೆಂಪು ಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆಯ ಹಾರುಬೂದಿ ಬೆಲ್ಟಿನ ಅಡಿ ಸೇರುತ್ತದೆ. ಅಲ್ಲಿ ಹಾಕಿದ ಸಿಲಿಕೋನ್ ಎಣ್ಣೆ ಒಣಗುತ್ತದೆ. ಬೆಲ್ಟು ಹಲಗೆಗೆ ಉಜ್ಜಿ ಬಿಗಿಯಾಗುತ್ತದೆ, ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಕೊನೆಗೆ ಕಂಟ್ರೋಲ್ ಬೋರ್ಡ್ ಹೋಗುತ್ತದೆ. ಮಂದಿ ಕಂಪನಿಯನ್ನು ಬೈಯುತ್ತಾರೆ, ಕಾರಣ ಎಣ್ಣೆ ಹಾಕದ್ದು. ವಾರಕ್ಕೊಮ್ಮೆ ಬೆಲ್ಟಿನಡಿ ಬೆರಳಾಡಿಸಿ, ಒಣ ಎನಿಸಿದರೆ ಎಣ್ಣೆ ಬಿಡಿ. ತಿಂಗಳಿಗೊಮ್ಮೆ ಮೋಟಾರಿನ ಮುಚ್ಚಳ ತೆಗೆದು ಬ್ಲೋವರ್ ಹಿಡಿಯಿರಿ. ಭಾರ ಎಳೆಯುವ ಯಂತ್ರಗಳ ಕೇಬಲ್ ಮೇಲಿನ ಪ್ಲಾಸ್ಟಿಕ್ ಒಡೆದು ಒಂದು ಎಳೆ ತಂತಿ ಕಂಡರೂ ಅವತ್ತೇ ಬದಲಿಸಬೇಕು, "ನಾಳೆ ನೋಡೋಣ" ಎನ್ನುವ ಹಾಗಿಲ್ಲ. ಅದು ತಲೆಯ ಮೇಲೆ ತುಂಡಾಗುವ ವಸ್ತು.

ದುಡ್ಡಿನ ಲೆಕ್ಕ

ಒಂದು ಮಾದರಿ ಹಾಕಿ ನೋಡೋಣ. ಬಾಡಿಗೆ 30,000, ಇಬ್ಬರು ಕೋಚ್‌ಗೆ 30,000, ಸಾಲದ ಕಂತು 22,000, ಕರೆಂಟು 15,000, ಕಸ-ನೆಲ ಮಾಡುವವರಿಗೆ 8,000, ರಿಪೇರಿಗೆ 6,000, ಇತರೆ 4,000. ಒಟ್ಟು ತಿಂಗಳಿಗೆ 1,15,000. ಬೋರ್ಡಿನ ಮೇಲೆ ತಿಂಗಳ ಫೀ 900 ಎಂದು ಬರೆದರೆ 128 ಜನ ಸಾಕು ಅನ್ನಿಸುತ್ತದೆ. ಆದರೆ ಮೂರು ತಿಂಗಳದ್ದು ಒಟ್ಟಿಗೆ ಕಟ್ಟುವವರ ರಿಯಾಯಿತಿ, ಗೆಳೆಯರ ರಿಯಾಯಿತಿ ಕಳೆದು ಕೈಗೆ ಬರುವುದು ಸರಾಸರಿ 750 ಎಂದಾದರೆ 154 ಜನ ಬೇಕು. ಈ 26 ಜನರ ವ್ಯತ್ಯಾಸದಲ್ಲೇ ಹೊಸ ಜಿಮ್‌ಗಳು ಮುಳುಗುತ್ತವೆ. ಮಾಲೀಕರ ಸಂಬಳ ಇದರಲ್ಲಿ ಇನ್ನೂ ಸೇರಿಲ್ಲ.

ಜನವರಿಯಲ್ಲಿ ವರ್ಷದ ಫೀ ಒಟ್ಟಿಗೆ ಕೈಗೆ ಬಂದಾಗ ಅದನ್ನು ಸಾಲವೆಂದೇ ತಿಳಿಯಿರಿ. ಬೇರೆ ಖಾತೆಗೆ ಹಾಕಿ, ತಿಂಗಳಿಗೆ ಹನ್ನೆರಡನೇ ಒಂದು ಪಾಲು ಮಾತ್ರ ತೆಗೆಯಿರಿ. ಆ ಹಣದಲ್ಲಿ ಯಂತ್ರ ತಂದವರು ಮೇ ತಿಂಗಳಲ್ಲಿ ಬಡ್ಡಿಗೆ ಓಡಾಡುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಂಥ ಭತ್ತದ ಊರುಗಳಲ್ಲಿ ನವೆಂಬರ್-ಡಿಸೆಂಬರ್‌ನಲ್ಲಿ ಮತ್ತು ಎರಡನೇ ಬೆಳೆಯ ಏಪ್ರಿಲ್-ಮೇನಲ್ಲಿ ಕಟಾವಾಗುತ್ತದೆ. ಆರು ತಿಂಗಳ ಫೀ ಕೇಳಲು ಅದೇ ಸಕಾಲ. ನಾಟಿ ಹೊತ್ತಿಗೆ ರೈತರ ಮಕ್ಕಳು ಬರದಿದ್ದರೆ ಅವರ ಅವಧಿಯನ್ನು ಹದಿನೈದು ದಿನ ಮುಂದಕ್ಕೆ ಹಾಕಿಕೊಡಿ. ಹೀಗೆ ಮಾಡಿಕೊಟ್ಟರೆ ಅವರು ಬಿಟ್ಟು ಹೋಗುವುದು ಕಡಿಮೆ.

ಸಾಲಕ್ಕೆ ಕೇಂದ್ರದ ಮುದ್ರಾ ಯೋಜನೆ ಇದೆ, ತರುಣ್ ವರ್ಗದಲ್ಲಿ 10 ಲಕ್ಷದವರೆಗೆ. ಪಿಎಂಇಜಿಪಿಯಲ್ಲಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ) ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ. ಸಹಾಯಧನ ನಗರದ ಸಾಮಾನ್ಯ ವರ್ಗಕ್ಕೆ ಶೇ 15ರಿಂದ ಹಿಡಿದು ಗ್ರಾಮೀಣ ಭಾಗದ ಮಹಿಳೆಯರು, ಪರಿಶಿಷ್ಟರು ಮೊದಲಾದವರಿಗೆ ಶೇ 35. ಆದರೆ ಹೊಸ ಘಟಕಕ್ಕೆ ಮಾತ್ರ. ಜಿಮ್ ತೆರೆದ ಮೇಲೆ ಅರ್ಜಿ ಹಾಕಿದರೆ ಸಿಗದು. ಸಹಾಯಧನವೂ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಕೈಗೆ ಬರುವ ದುಡ್ಡೆಂದು ಲೆಕ್ಕ ಹಾಕಬೇಡಿ. ಯೋಜನೆ ಆ ವರ್ಷ ಚಾಲ್ತಿಯಲ್ಲಿದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಕಾಗದಪತ್ರ: ಪಾಲಿಕೆ ಅಥವಾ ನಗರಸಭೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ಅಂಗಡಿ-ಸಂಸ್ಥೆ ನೋಂದಣಿ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ (ಇದಕ್ಕೆ ಶುಲ್ಕವಿಲ್ಲ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ). ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ದರ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಆದರೆ ಯಂತ್ರ ಮತ್ತು ಬಾಡಿಗೆಯ ಮೇಲೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಲು ಬರುವುದಿಲ್ಲ. ಪ್ರೋಟೀನ್ ಪುಡಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು.

ಯಾವ ಹೊತ್ತಿಗೆ ಯಾರು

ತೋರಣಗಲ್ಲು, ಕುಡತಿನಿ, ಶಕ್ತಿನಗರ, ಗಿಣಿಗೇರಾದ ಸುತ್ತ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಪಾಳಿ ಕೆಲಸಗಾರರು ಬಹಳ. ಮೊದಲ ಪಾಳಿ ಮುಗಿಸಿದವರು ನಾಲ್ಕರ ಹೊತ್ತಿಗೆ ಬರುತ್ತಾರೆ. ಸಂಜೆ ಐದಕ್ಕೆ ಬಾಗಿಲು ತೆರೆಯುವ ಜಿಮ್ ಅವರನ್ನು ಕಳೆದುಕೊಳ್ಳುತ್ತದೆ. ಬೆಳಿಗ್ಗೆ 10ರಿಂದ 12 ಮಹಿಳೆಯರಿಗೆ, ಮಹಿಳಾ ಕೋಚ್ ಜೊತೆಗೆ ಮೀಸಲಿಡಿ. ಆ ಹೊತ್ತಿನಲ್ಲಿ ಮಾಲೀಕರ ಗೆಳೆಯರೂ ಒಳಗೆ ಬರಬಾರದು. ಒಮ್ಮೆ ಮುರಿದರೆ ಆ ಬ್ಯಾಚ್ ಮತ್ತೆ ಕೂಡುವುದಿಲ್ಲ. ರಂಜಾನ್ ತಿಂಗಳಲ್ಲಿ ರಾತ್ರಿ ನಮಾಜಿನ ನಂತರ ಹನ್ನೊಂದರವರೆಗೆ ತೆರೆದಿಡಿ. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ ತಯಾರಾಗುವ ಹುಡುಗರಿಗೆ ಬೇರೆ ಬ್ಯಾಚ್ ಮಾಡಿ: 1,600 ಮೀಟರ್ ಆರೂವರೆ ನಿಮಿಷದಲ್ಲಿ ಓಡಬೇಕಾದವರಿಗೆ ಎದೆ ದಪ್ಪ ಮಾಡಿಸುವುದು ಕೆಲಸಕ್ಕೆ ಬಾರದು. ಬೆಳಗಿನ ಜಾವ ಮೈದಾನದ ಓಟ, ವಾರಕ್ಕೆ ಎರಡು ದಿನ ಕಾಲಿನ ಬಲ.

ಜೀವದ ಜವಾಬ್ದಾರಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಿಮ್ ಎಂದರೆ ಹೃದಯದ ಭಯ ಮನೆಮನೆಗೂ ಬಂದಿದೆ. ಆ ಭಯಕ್ಕೆ ಮಾತಿನ ಸಮಾಧಾನ ಸಾಲದು. ಸೇರುವ ದಿನವೇ ಬರೆಸಿಕೊಳ್ಳಿ: ಎದೆನೋವು, ತಲೆಸುತ್ತು, ಬಿಪಿ, ಸಕ್ಕರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರು ಇದ್ದಾರೆಯೇ? ಒಂದಕ್ಕೆ ಹೌದು ಎಂದರೂ ವೈದ್ಯರ ಚೀಟಿ ತಂದ ಮೇಲೆಯೇ ಶುರು. ಬಿಪಿ ಯಂತ್ರ ಮೇಜಿನ ಮೇಲಿರಲಿ. ಯಾರಾದರೂ ಕುಸಿದು ಉಸಿರಾಡದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಬೇಕು. ಕಸ ಗುಡಿಸುವವರಿಗೂ ಇದನ್ನು ಕಲಿಸಿ. ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುವವರು ಅವರೇ.

ಬೇಸಿಗೆಯಲ್ಲಿ ಮೈ ಸುಡುತ್ತಾ ಮಾತು ತೊದಲಿದರೆ ಅದು ಬಿಸಿಲಾಘಾತ. ಬಟ್ಟೆ ಸಡಿಲಿಸಿ, ನೀರು ಸುರಿದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಿ. ಸ್ಟೆರಾಯ್ಡ್ ಸೂಜಿ ಕೋಚ್ ಮೂಲಕ ಒಳಗೆ ಬಂದದ್ದು ತಿಳಿದರೆ ಎಷ್ಟೇ ಒಳ್ಳೆಯ ಕೋಚ್ ಆದರೂ ಅವತ್ತೇ ಬಿಡಿಸಿ. ಹದಿನೆಂಟರ ಹುಡುಗನ ಲಿವರ್, ಹೃದಯ ನಿಮ್ಮ ಬೋರ್ಡಿನ ಅಡಿಯಲ್ಲಿ ಹಾಳಾಗಬಾರದು.

ಎರಡನೇ ಜಿಮ್

ಮೊದಲನೆಯದಕ್ಕೆ ಎರಡು ವರ್ಷ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಿ: ಪೂರ್ತಿ ಒಂದು ತಿಂಗಳು ನೀವು ಅಲ್ಲಿಗೆ ಹೋಗಬೇಡಿ. ಫೀ ವಸೂಲಿ ಶೇ 10ಕ್ಕಿಂತ ಹೆಚ್ಚು ಕುಸಿಯದಿದ್ದರೆ, ಎಣ್ಣೆ ಹಾಕಿದ್ದು, ಕೇಬಲ್ ನೋಡಿದ್ದು ಬರೆಯುವ ರಿಜಿಸ್ಟರ್ ತುಂಬಿದ್ದರೆ ಇನ್ನೊಂದರ ಯೋಚನೆ ಮಾಡಬಹುದು. ಅಲ್ಲಿಗೆ ಹೊಸಬರನ್ನು ಹುಡುಕುವ ಬದಲು ಇಲ್ಲಿನ ಹಳೆಯ ಕೋಚ್‌ಗೆ ಸಂಬಳದ ಮೇಲೆ ಲಾಭದಲ್ಲಿ ಶೇ 10ರಿಂದ 15 ಪಾಲು ಕೊಟ್ಟು ಕಳಿಸಿ. ಪಾಲುಪತ್ರದಲ್ಲಿ ಮೂರು ಮಾತು ಬರೆದಿರಲೇಬೇಕು: ಯಂತ್ರ ಯಾರವು, ಲಾಭದ ಲೆಕ್ಕ ಯಾವ ತಾರೀಖಿಗೆ, ಬೇರೆಯಾದರೆ ಮುಂಗಡ ಫೀ ಕಟ್ಟಿದ ಮಂದಿಗೆ ದುಡ್ಡು ವಾಪಸ್ ಕೊಡುವವರು ಯಾರು.