ವಿದೇಶದ ಅಗ್ಗದ ಸಾಮಾನು ಆನ್‌ಲೈನ್‌ನಲ್ಲಿ: ಯಾವುದನ್ನು ತರಿಸಬಹುದು, ಯಾವುದು ಬೇಡ

ಆರ್ಡರ್ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಸ್ತು ಕೆಟ್ಟರೆ ಏನಾಗುತ್ತದೆ? ಫೋನಿನ ಕವರ್ ಹರಿದರೆ ಇನ್ನೊಂದು ತರಿಸಿಕೊಳ್ಳಬಹುದು. ಚಾರ್ಜರ್ ಕೆಟ್ಟರೆ ಶಾಕ್ ಹೊಡೆಯಬಹುದು, ಬೆಂಕಿ ಹತ್ತಬಹುದು.

ಬೆಲೆ ಇಳಿಯಲು ಎರಡು ಬಗೆಯ ಕಾರಣಗಳಿವೆ. ಸಾಮಾನು ಕಾರ್ಖಾನೆಯ ಬಳಿಯಿಂದ ನೇರ ಬರುತ್ತದೆ, ಮಧ್ಯವರ್ತಿಗಳಿಲ್ಲ, ಬ್ರ್ಯಾಂಡಿನ ಜಾಹೀರಾತು ಖರ್ಚಿಲ್ಲ. ಇದು ಕೊಳ್ಳುವವರಿಗೆ ನಿಜವಾದ ಲಾಭ. ಇನ್ನೊಂದು ಉಳಿತಾಯ ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ನಡೆದಿರುತ್ತದೆ: ತಾಮ್ರ ತೆಳುವಾಗಿರುತ್ತದೆ, ಇನ್ಸುಲೇಷನ್ ಕಡಿಮೆ ಇರುತ್ತದೆ, ಸುರಕ್ಷತೆಯ ಪರೀಕ್ಷೆಯೇ ಆಗಿರುವುದಿಲ್ಲ. ಆದ್ದರಿಂದ ಅಲಂಕಾರದ ಮಣಿ, ಹೊಲಿಗೆಯ ಗುಂಡಿ, ರೆಸಿಸ್ಟರ್, ಎಲ್‌ಇಡಿ, ಸೆನ್ಸರ್ ಬೋರ್ಡ್, 3ಡಿ ಪ್ರಿಂಟರಿನ ನಾಜಲ್, ಭಾರ ಹೊರಬೇಕಿಲ್ಲದ ಸಣ್ಣ ಸ್ಕ್ರೂಗಳನ್ನು ಧೈರ್ಯವಾಗಿ ತರಿಸಿ. ಹತ್ತಕ್ಕೆ ಒಂದು ಹೆಚ್ಚು ತರಿಸಿದರೆ ಕೆಟ್ಟು ಬಂದವು ಲೆಕ್ಕಕ್ಕೆ ಬರುವುದಿಲ್ಲ. ಹೆಲ್ಮೆಟ್, ಮಗುವಿನ ಕಾರ್ ಸೀಟ್, ವಾಹನದ ಬ್ರೇಕ್ ಭಾಗ, ಮನುಷ್ಯರ ಭಾರ ಹೊರುವ ಕೊಕ್ಕೆ ಯಾವ ಬೆಲೆಗೂ ಬೇಡ. ಅವು ಗಟ್ಟಿಯಾಗಿವೆಯೇ ಎಂದು ಮನೆಯಲ್ಲಿ ಪರೀಕ್ಷಿಸಲು ದಾರಿಯೇ ಇಲ್ಲ.

ಗೋಡೆಯ ಸಾಕೆಟ್ಟಿಗೆ ಚುಚ್ಚುವ ವಸ್ತು

ಎಲ್ಲಕ್ಕಿಂತ ಹೆಚ್ಚು ಅಪಾಯ ಇಲ್ಲಿದೆ. ಚಾರ್ಜರಿನೊಳಗೆ ಮೇನ್ಸ್ ವಿದ್ಯುತ್ತಿನ ಭಾಗಕ್ಕೂ 5 ವೋಲ್ಟಿನ ಭಾಗಕ್ಕೂ ನಡುವೆ ಸುಮಾರು 6 ಮಿಲಿಮೀಟರ್ ಅಂತರ ಬೇಕು. ಅಗ್ಗದ ನಕಲಿಗಳಲ್ಲಿ ಅದು 1-2 ಮಿಲಿಮೀಟರಿಗೆ ಇಳಿದಿರುತ್ತದೆ. ಎರಡೂ ಭಾಗಗಳನ್ನು ಜೋಡಿಸುವ ಕೆಪಾಸಿಟರ್ 'ವೈ' ದರ್ಜೆಯದಾಗಿರಬೇಕು, ಅಂದರೆ ಕೆಟ್ಟರೂ ಶಾರ್ಟ್ ಆಗದಂತೆ ಮಾಡಿದ್ದು. ಅದರ ಬದಲು ಮಾಮೂಲಿ ಸೆರಾಮಿಕ್ ಕೆಪಾಸಿಟರ್ ಹಾಕಿದ್ದರೆ, ಅದು ಶಾರ್ಟ್ ಆದ ದಿನ ಮೇನ್ಸ್ ವೋಲ್ಟೇಜ್ ನೇರ ಫೋನಿಗೆ, ಫೋನ್ ಹಿಡಿದ ಕೈಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಇದು ಯಾವುದೂ ತಿಳಿಯದು. ಯುರೋಪಿನ ಸುರಕ್ಷತಾ ನಿಯಮಕ್ಕೆ ಒಪ್ಪುತ್ತದೆ ಎಂದು ಹೇಳುವ 'ಸಿಇ' ಗುರುತನ್ನು ನಂಬಿ ಕೂರಬೇಡಿ. ಹೆಚ್ಚಿನ ವಸ್ತುಗಳಿಗೆ ಅದನ್ನು ತಯಾರಕರೇ ತಮ್ಮ ಹೊಣೆಯ ಮೇಲೆ ಹಾಕಿಕೊಳ್ಳುತ್ತಾರೆ. ಬೇರೊಂದು ಸಂಸ್ಥೆ ಕೊಟ್ಟ ಪ್ರಮಾಣಪತ್ರದ ಸಂಖ್ಯೆ ಇದ್ದರೆ ಆ ಸಂಸ್ಥೆಯ ಜಾಲತಾಣದಲ್ಲೇ ಹುಡುಕಿ ನೋಡಿ.

ಎಕ್ಸ್‌ಟೆನ್ಷನ್ ಕಾರ್ಡ್ ಕೈಗೆ ಬಂದಾಗ ಪಿನ್ನಿಗೂ ತಂತಿಯ ಎಳೆಗೂ ಅಯಸ್ಕಾಂತ ಹಿಡಿಯಿರಿ. ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿದರೆ ಒಳಗೆ ಉಕ್ಕು ಇದೆ ಎಂದರ್ಥ; ಹೀಟರ್ ಹಾಕಿದರೆ ಕಾರ್ಡೇ ಬಿಸಿಯಾಗುತ್ತದೆ. ಅಂಟಲಿಲ್ಲವೆಂದ ಮಾತ್ರಕ್ಕೆ ತಾಮ್ರವೇ ಎನ್ನುವಂತಿಲ್ಲ, ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮಿಗೂ ಅಯಸ್ಕಾಂತ ಅಂಟದು. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಗುಟ್ಟು ಬಯಲಾಗುತ್ತದೆ.

ಸುಳ್ಳು ಅಂಕಿಗಳು

ಅಗ್ಗದ 2 ಟೆರಾಬೈಟ್ ಪೆನ್‌ಡ್ರೈವ್ ಕಂಪ್ಯೂಟರಿಗೆ ಹಾಕಿದಾಗ 2 ಟೆರಾಬೈಟ್ ಎಂದೇ ತೋರಿಸುತ್ತದೆ. ಕಂಟ್ರೋಲರ್ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಒಳಗೆ ಇರುವುದು 32 ಜಿಬಿ ಆಗಿದ್ದರೆ, ಅದು ತುಂಬಿದ ಮೇಲೆ ಹೊಸ ಕಡತಗಳು ಹಳೆಯವುಗಳ ಮೇಲೆಯೇ ಬರೆಯಲ್ಪಡುತ್ತವೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಫೋಲ್ಡರಿನಲ್ಲಿ ಹೆಸರು ಕಾಣುತ್ತದೆ, ಫೋಟೊ ತೆರೆಯುವುದಿಲ್ಲ. ಬಂದ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಮತ್ತೆ ಓದಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಅರ್ಧಕ್ಕೆ ನಿಲ್ಲಿಸಬೇಡಿ. ಬಂದ ಫಲಿತಾಂಶದ ಚಿತ್ರವೇ ರಿಫಂಡಿಗೆ ಸಾಕ್ಷಿ.

ಪವರ್ ಬ್ಯಾಂಕಿನ ಮೇಲಿನ 10,000 ಎಂಎಎಚ್ ಎಂಬುದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿದಾಗ 7,400 ಆಗುತ್ತದೆ. ನಷ್ಟ ಕಳೆದು ಯುಎಸ್‌ಬಿ ಮೀಟರಿನಲ್ಲಿ (ಹರಿದ ವಿದ್ಯುತ್ತನ್ನು ಅಳೆಯುವ ಪುಟ್ಟ ಸಾಧನ) 6,000ದಿಂದ 6,500 ಬಂದರೆ ಮಾರಾಟಗಾರ ಮೋಸ ಮಾಡಿಲ್ಲ. 3,000 ಬಂದರೆ ದೂರು ಕೊಡಿ. ಬಿಡಿಯಾಗಿ ಸಿಗುವ 18650 ಎಂಬ ಉರುಳೆಯಾಕಾರದ ಲಿಥಿಯಂ ಸೆಲ್ಲಿನ ಮೇಲೆ 9,900 ಎಂದು ಬರೆದಿದ್ದರೆ ಅಳೆಯುವ ಶ್ರಮವೂ ಬೇಡ, ಆ ಗಾತ್ರದಲ್ಲಿ ಅಷ್ಟು ಹಿಡಿಯುವುದಿಲ್ಲ. ಹೆಸರಾಂತ ತಯಾರಕರ ಒಳ್ಳೆಯ ಸೆಲ್ಲಿನದೇ ಸಾಮಾನ್ಯವಾಗಿ 3,500ರ ಆಸುಪಾಸು, ತೂಕ 45ರಿಂದ 50 ಗ್ರಾಂ. 30 ಗ್ರಾಂ ತೂಗುವ ಸೆಲ್ಲನ್ನು ಬಳಸಬೇಡಿ.

ಮೈಗೆ, ಮಕ್ಕಳಿಗೆ

ಬಿಳಿ ಮಾಡುವ ಕ್ರೀಮುಗಳಲ್ಲಿ ಪಾದರಸ ಸಿಕ್ಕಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ಅದು ಚರ್ಮದ ಮೂಲಕ ಒಳಹೊಕ್ಕು ಮೂತ್ರಪಿಂಡ ಕೆಡಿಸುತ್ತದೆ. ಘಟಕಗಳ ಪಟ್ಟಿ ಇಲ್ಲದ ಯಾವ ಕ್ರೀಮನ್ನೂ ಹಚ್ಚಬೇಡಿ. ಮಕ್ಕಳ ಅಗ್ಗದ ಲೋಹದ ಆಭರಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು, ಮಕ್ಕಳು ಅದನ್ನು ಬಾಯಿಗಿಡುತ್ತಾರೆ. ಬಟನ್ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಮನೆಯೊಳಗೇ ಬೇಡ: ನುಂಗಿದ ಸೆಲ್ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡಬಲ್ಲದು.

ಆರ್ಡರಿನಿಂದ ರಿಫಂಡಿನವರೆಗೆ

ಪುಟದ ಮೇಲೆ ಕಾಣುವ ಬೆಲೆ ಎಷ್ಟೋ ಸಲ ಪಟ್ಟಿಯಲ್ಲಿನ ಅತಿ ಸಣ್ಣ ಬಿಡಿಭಾಗದ್ದು. ನಿಮಗೆ ಬೇಕಾದ ಆಯ್ಕೆ ಒತ್ತಿ, ಸಾಗಣೆ, ಕಸ್ಟಮ್ಸ್ ಸುಂಕ, ತೆರಿಗೆ, ಕೊರಿಯರಿನವರ ನಿರ್ವಹಣಾ ಶುಲ್ಕ ಎಲ್ಲ ಸೇರಿಸಿ ಹತ್ತಿರದ ಅಂಗಡಿಯ ಬೆಲೆಯೊಡನೆ ಹೋಲಿಸಿ. ರಿವ್ಯೂಗಳಲ್ಲಿ ಮೂರು ನಕ್ಷತ್ರದವನ್ನು, ಕೊಂಡವರೇ ತೆಗೆದ ಫೋಟೊ ಇರುವವನ್ನು ಓದಿ. ಫೋಟೊದಲ್ಲಿ ಬೇರೆಯೇ ವಸ್ತು ಕಂಡರೆ ಹಳೆಯ ಪುಟಕ್ಕೆ ಹೊಸ ಸರಕು ತುರುಕಿದ್ದಾರೆ. ಬಟ್ಟೆಗೆ ಎಂ, ಎಲ್ ನೋಡಬೇಡಿ. ನಿಮಗೆ ಸರಿಯಾಗುವ ಒಂದು ಅಂಗಿಯನ್ನು ಹಾಸಿ ಸೆಂಟಿಮೀಟರಿನಲ್ಲಿ ಅಳೆದು ಹೋಲಿಸಿ.

ಮಾರಾಟಗಾರ ತಾಣದ ಹೊರಗೆ ಹಣ ಕಳಿಸಿ ಎಂದರೆ ಅಲ್ಲಿಗೇ ಬಿಡಿ, ಹೊರಗೆ ಹೋದ ಹಣಕ್ಕೆ ತಾಣದ ರಕ್ಷಣೆ ಇಲ್ಲ. ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಶುರುಮಾಡಿ ಒಂದೇ ಓಟದಲ್ಲಿ ಬಿಚ್ಚುವ ವಿಡಿಯೊ ಮಾಡಿ. ದೂರಿನ ಗಡುವು ಮುಗಿಯುವ ದಿನವನ್ನು ಆರ್ಡರ್ ಮಾಡಿದ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಬರೆದಿಡಿ. "ಇನ್ನೂ ಹದಿನೈದು ದಿನ ಕಾಯಿರಿ", "ದೂರು ಹಿಂತೆಗೆದುಕೊಳ್ಳಿ, ಆಮೇಲೆ ಹಣ ಕಳಿಸುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ. ಹಿಂತೆಗೆದ ದೂರನ್ನು ಹಲವು ತಾಣಗಳಲ್ಲಿ ಮತ್ತೆ ತೆರೆಯಲು ಆಗುವುದಿಲ್ಲ. ತಾಣವೂ ಕೈಬಿಟ್ಟರೆ, ಕಾರ್ಡಿನಲ್ಲಿ ಕೊಟ್ಟ ಹಣಕ್ಕೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಹಣ ವಾಪಸು, ಕೇಳಬಹುದು. ಅದಕ್ಕೂ ಗಡುವಿದೆ, ವಿಡಿಯೊ, ಪರೀಕ್ಷೆಯ ಚಿತ್ರ, ಮಾರಾಟಗಾರನೊಡನೆ ನಡೆದ ಮಾತುಕತೆ ಮೂರನ್ನೂ ಸೇರಿಸಿಯೇ ಅರ್ಜಿ ಕೊಡಿ.